ಹತ್ತು ಬೋಲ್ಟು, ಒಂದು ಸ್ಟಡ್ಡು

ಹೆಣವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಎದೆಗೆ ಪಂಚೆ ಬಿಗಿಯುತ್ತಿದ್ದಾಗಲೂ ಮಧುಕೇಶ್ವರನ ಕಣ್ಣು ತನ್ನ ಕಾರಿನ ಬಾನೆಟ್ಟಿನ ಮೇಲೇ ಇತ್ತು. ಕೂತಂತೆಯೇ ಮಣ್ಣು ಮಾಡುವ ಮನೆತನ, ಮಲಗಿಸಿ ಒಯ್ಯುವಂತಿಲ್ಲ. ಹುಟ್ಟೂರು ಬನವಾಸಿಗೆ ಹೊರಟ ಮೆಕ್ಯಾನಿಕ್ ಚನ್ನಯ್ಯ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಬಾಡಿಗೆಗೆ ಹಿಡಿದ ಸಾಹುಕಾರನ ಹಾಗೆ ನೆಟ್ಟಗೆ ಕೂತಿದ್ದ.

ಅರವತ್ತೆರಡನೆಯ ಇಸವಿ, ಶಿರಸಿಯಲ್ಲಿ ಬಾಡಿಗೆ ಕಾರುಗಳಿದ್ದದ್ದೇ ಮೂರು. ಉಳಿದೆರಡನ್ನು ಬಿಟ್ಟು ಚನ್ನಯ್ಯನ ಹೆಂಡತಿ ನೀಲಗಂಗವ್ವ ತನ್ನದನ್ನೇ ಏಕೆ ಕರೆಸಿದಳು? ಬೆಳಗಿನಿಂದ ಮಧುಕೇಶ್ವರ ಇದನ್ನೇ ಮೆಲುಕು ಹಾಕುತ್ತಿದ್ದ. ಅವನೋ ಮೊದಲೇ ಅನುಮಾನದ ಪ್ರಾಣಿ. ಯಾರಾದರೂ ನಕ್ಕರೆ ಅಂಗಿ ಹರಿದಿದೆಯೇ ಎಂದು ಬೆನ್ನು ಮುಟ್ಟಿ ನೋಡಿಕೊಳ್ಳುವವನು. ಸಾಯುವ ಮೊದಲು ಚನ್ನಯ್ಯ ಅವಳ ಹತ್ತಿರ ಬಾಯಿ ಬಿಟ್ಟಿರಬಹುದೇ?

"ನಿಧಾನ ನಡಸ್ರಿ," ಎಂದಳು ನೀಲಗಂಗವ್ವ, ಗಂಡನ ಹೆಗಲು ಹಿಡಿದುಕೊಂಡು. ಆ ಮಾತಿನಲ್ಲೂ ಅವನಿಗೆ ಕೊಕ್ಕೆ ಕಂಡಿತು.

*

ಆರು ತಿಂಗಳ ಹಿಂದೆ ಚನ್ನಯ್ಯ ಕಾರಿನ ಎಂಜಿನ್ ಪೂರ್ತಿ ಬಿಚ್ಚಿದಾಗ, ಅದರ ಮೇಲ್ಮುಚ್ಚಳವಾದ ಹೆಡ್ಡು ಬಿಗಿಯಲೆಂದು ಮಧುಕೇಶ್ವರ ಹುಬ್ಬಳ್ಳಿಯಿಂದ ಸ್ಟಡ್ಡು ತಂದಿದ್ದ. ಮೊದಲು ಕೆಳಗಿನ ಬ್ಲಾಕಿನಲ್ಲಿ ಗೂಟದ ಹಾಗೆ ನೆಟ್ಟು, ಹೆಡ್ಡು ಇಳಿಸಿ, ಮೇಲೆ ನಟ್ಟು ಹಾಕುವಂಥವು. ಚನ್ನಯ್ಯ ಅವನ್ನು ಬದಿಗಿಟ್ಟು ಬೋಲ್ಟುಗಳನ್ನೇ ಹೆಡ್ಡಿನ ಮೇಲಿಂದ ತಿರುಗಿಸಿ ಇಳಿಸಿದ.

"ಸ್ಟಡ್ ಗಟ್ಟಿ, ಖರೆ. ಆದ್ರ ಈ ಕಾರಿನ್ಯಾಗ ಹೆಡ್ ಮ್ಯಾಲೆತ್ತಾಕ ಜಾಗಾನ ಇಲ್ಲ. ಮತ್ತೊಮ್ಮೆ ಬಿಚ್ಚಬೇಕಂದ್ರ ಎಂಜಿನ್ನ ಹೊರಗ ತಗೀಬೇಕು. ಬೋಲ್ಟ್ ಆದ್ರ ದಾರ್ಯಾಗ ಯಾರ್ ಬೇಕಾದ್ರೂ ಬಿಚ್ಚಬಹುದು. ನೀವು ಘಟ್ಟದಾಗ ನಿಂತ್ರ ನಾ ಎಲ್ಲಿಂದ ಬರ್ಲಿ?"

ಮಧುಕೇಶ್ವರ ತಲೆಯಾಡಿಸಿದ, ಆದರೆ ನಂಬಲಿಲ್ಲ. ತನ್ನ ಸ್ಟಡ್ಡು ಇನ್ಯಾರ ಕಾರಿಗೆ ಹೋಯಿತೋ! ಮನೆಗೆ ಬಂದವನೇ ಪಾನಾ ಹಿಡಿದು ಬೋಲ್ಟುಗಳನ್ನು ಇನ್ನಷ್ಟು ಬಿಗಿದ. ಮುಂದಿನ ತುದಿಯ ಬೋಲ್ಟನ್ನಂತೂ ಬಂಪರಿಗೆ ಕಾಲು ಕೊಟ್ಟು ಎಳೆದ. ಅದು ಕಟ್ ಎಂದು ಸಡಿಲಾಯಿತು. ಬ್ಲಾಕಿನೊಳಗೆ ಬೋಲ್ಟನ್ನು ಕಚ್ಚಿ ಹಿಡಿಯುವ ಥ್ರೆಡ್ಡೇ ಕಿತ್ತುಬಂದಿತ್ತು.

ಮರುದಿನ ಎಂಜಿನ್ನಿನಿಂದ ನೀರು ಸೋರಿತು. "ಚನ್ನಯ್ಯನ ಕೈ ಸಡಿಲ ಆಗೈತಿ," ಎಂದು ಬಸ್‌ಸ್ಟ್ಯಾಂಡ್ ತುಂಬ ಹೇಳಿಕೊಂಡು ಬಂದ. ಲಾರಿ, ಜೀಪಿನ ಡ್ರೈವರುಗಳೂ ಒಬ್ಬೊಬ್ಬರಾಗಿ ಬೇರೆ ಗ್ಯಾರೇಜು ಹಿಡಿದರು.

ಚನ್ನಯ್ಯ ಬಂದು ಆ ತೂತಿನಲ್ಲಿ ಬೆರಳಾಡಿಸಿದ.

"ನೀವೇನರ ಬಿಗದ್ರೇನು?"

"ನಾ ಮುಟ್ಟೇ ಇಲ್ಲ."

ಆ ತೂತಿಗೆ ಇನ್ನು ಬೋಲ್ಟು ಹಿಡಿಯುವಂತಿರಲಿಲ್ಲ. ಚನ್ನಯ್ಯ ಅದನ್ನು ದೊಡ್ಡದು ಮಾಡಿ, ಬುಡ ದಪ್ಪಗಿರುವ ಒಂದು ಸ್ಟಡ್ಡು ಮಾಡಿಸಿ ನೆಟ್ಟ; ಆ ತುದಿಯಲ್ಲಿ ಒಂದಕ್ಕಾಗುವಷ್ಟು ಜಾಗವಿತ್ತು. ಹುಬ್ಬಳ್ಳಿಯ ಸ್ಟಡ್ಡುಗಳನ್ನು ಸುತ್ತಿದ ಕಾಗದವನ್ನೂ ಬಿಚ್ಚದೆ ವಾಪಸು ಕೊಟ್ಟ. ಆಡಿದ ಸುಳ್ಳನ್ನು ಮಾತ್ರ ಮಧುಕೇಶ್ವರ ವಾಪಸು ತೆಗೆದುಕೊಳ್ಳಲಿಲ್ಲ.

*

ಬನವಾಸಿ ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದ. ಒಂದು ಹನಿಯೂ ಸೋರಿರಲಿಲ್ಲ. ಮೂರನೆಯ ಸಲ, ಮುಂದಿನ ಸೀಟಿನಲ್ಲಿದ್ದ, ಚನ್ನಯ್ಯನ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಗೋವಿಂದನೂ ಇಳಿದು ಬಂದು ಬಗ್ಗಿದ.

"ಹತ್ತು ಬೋಲ್ಟು, ಇದೊಂದು ಎಂತಕ್ಕೆ ಸ್ಟಡ್ಡು? ಯಾರೋ ಬಿಗಿದು ಬಿಗಿದು ಥ್ರೆಡ್ ಕಿತ್ತಿದಾರೆ, ಮಾರಾಯ್ರೆ!"

ಗೋವಿಂದನೂ ನೀಲಗಂಗವ್ವನೂ ಸೇರಿ ತನ್ನನ್ನು ಹಿಡಿಯಲೆಂದೇ ಬಂದಿದ್ದಾರೆ! ಮಧುಕೇಶ್ವರ ಹಿಂದಿನ ಕಿಟಕಿಗೆ ಹೋಗಿ ಕೇಳಿಯೇಬಿಟ್ಟ.

"ಅಕ್ಕಾರ, ನನ್ನ ಕಾರ ಯಾಕ ಕರಸಿದ್ರಿ? ಅವ್ರು ನಿಮ್ಮ ಮುಂದ ಏನರ ಹೇಳ್ಯಾರೇನು?"

"ಥ್ರೆಡ್ ಕಿತ್ತಾವ್ರು ನೀವ ಅಂತ ಅವತ್ತ ಹೇಳಿದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೂ ಹೋಗೂದಾದ್ರ ಈ ಕಾರಿನ್ಯಾಗ ಹೋಗಬೇಕು ಅಂತಿದ್ರು. ಉಳಿದ ಎರಡರ ಹೆಡ್ಡಿನ ಮ್ಯಾಲೆ ಅವ್ರಿಗೆ ನಂಬಿಕಿ ಇರ್ಲಿಲ್ಲ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮಧುಕೇಶ್ವರನಿಗೆ ಹುಟ್ಟಿದಾಗಿನಿಂದ ಅಷ್ಟು ನಾಚಿಕೆಯಾಗಿರಲಿಲ್ಲ. ಬಂದು ಸ್ಟೇರಿಂಗ್ ಹಿಡಿದ. ಮತ್ತೆಲ್ಲೂ ನಿಲ್ಲಿಸಲಿಲ್ಲ.

ಶಿರಸಿಯ ಡ್ರೈವರುಗಳು ಮೊದಲ ಬಸ್ಸಿಗೇ ಬಂದು ಬನವಾಸಿಯಲ್ಲಿ ಕಾಯುತ್ತಿದ್ದರು. ಅವರು ಹೆಣ ಇಳಿಸಲು ಕೈಚಾಚುವ ಮೊದಲೇ ಮಧುಕೇಶ್ವರ ಬಾನೆಟ್ ಎತ್ತಿದ.

"ಬರ್ರಿ, ಎಲ್ಲಾರೂ ನೋಡ್ರಿ. ಇಲ್ಲಿ ಥ್ರೆಡ್ ಕೆಡಿಸಿದಾಂವ ನಾನು. ಚನ್ನಯ್ಯನ ಕೈ ಸಡಿಲ ಆಗಿರ್ಲಿಲ್ಲ. ನಾ ಸುಳ್ಳ ಹೇಳಿದ್ದೆ."

ಅವರು ಒಬ್ಬರ ಹಿಂದೊಬ್ಬರು ಬಂದು ಬಗ್ಗಿ ನೋಡಿದರು. ಕೊನೆಯವನು ನೋಡಿ ಹೋಗುವವರೆಗೂ, ಆ ಸ್ಟಡ್ಡಿನ ಸುಡುವ ನಟ್ಟಿನ ಮೇಲಿಟ್ಟ ಬೆರಳನ್ನು ಮಧುಕೇಶ್ವರ ತೆಗೆಯಲಿಲ್ಲ.