ಕೊನೆಯ ನಕಲು

"ಬೀರು ಮೇಲೆ ಅಮ್ಮನ ಹಳೇ ಲ್ಯಾಪ್‌ಟಾಪ್ ಇದೆಯಲ್ಲ, ಅದನ್ನ ಸ್ವಲ್ಪ ಇಳಿಸೋ," ಎಂದಳು ಅಕ್ಕ ಫೋನಿನಲ್ಲಿ. "ಅಮ್ಮ ಹೋದ್ಮೇಲೆ ಅದನ್ನ ಆನ್ ಮಾಡಿದ್ಯಾ?"

"ಇಲ್ಲ ಕಣೇ, ಧೂಳು ಹಿಡಿದು ಕೂತಿದೆ," ಎಂದ ತಮ್ಮ. "ಯಾಕೆ?"

ಯಾಕೆಂದು ಹೇಳಲೇಬೇಕಾಯಿತು. ಹಾಸಿಗೆ ಹಿಡಿದ ಅಮ್ಮ ಮಕ್ಕಳಿಗೆಂದು ಮಾತಾಡಿಟ್ಟ ರೆಕಾರ್ಡಿಂಗುಗಳನ್ನು ಅವಳು ಬೆಳಿಗ್ಗೆ ಕೈಯಾರೆ ಅಳಿಸಿದ್ದಳು. ತನ್ನ ಕಂಪ್ಯೂಟರಿನಲ್ಲಿ ಜಾಗ ಸಾಲದು, ತಮ್ಮನ ಹತ್ತಿರ ಇನ್ನೊಂದು ನಕಲು ಇದ್ದೇ ಇದೆಯಲ್ಲ ಎಂಬ ಧೈರ್ಯ. ಮನೆಮಂದಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಒಂದರಲ್ಲಿ ಆದದ್ದು ಎಲ್ಲದರಲ್ಲೂ ಆಗುವಂತೆ ಮಾಡಿಟ್ಟವಳೂ ಅವಳೇ. ನಡುವೆ ಒಂದು ನಕಲನ್ನು ಬೇರೆಯಾಗಿ ಕಾದಿಡುವ ಯಂತ್ರವಿಲ್ಲ. ಕೊನೆಗೆ ಯಾರು ಏನು ಬದಲಿಸಿದರೋ ಉಳಿದವರಿಗೂ ಅದೇ ನಿಜ. ಅಳಿಸುವುದೂ ಒಂದು ಬದಲಾವಣೆಯೇ ಎಂದು ಕಚೇರಿಯ ಹೊಸಬರಿಗೆ ಪಾಠ ಹೇಳುವವಳ ಬುದ್ಧಿಗೆ ತನ್ನ ಮನೆಯ ವಿಷಯದಲ್ಲಿ ಮಂಕು ಕವಿದಿತ್ತು. ಮಧ್ಯಾಹ್ನದ ಹೊತ್ತಿಗೆ ತಮ್ಮನ ಕಂಪ್ಯೂಟರಿನಲ್ಲೂ ಅಮ್ಮ ಇರಲಿಲ್ಲ.

ಉಳಿದದ್ದು ಈ ಲ್ಯಾಪ್‌ಟಾಪ್ ಒಂದೇ. ಇಷ್ಟು ದಿನ ಮಲಗಿದ್ದ ಅದಕ್ಕೆ ಅಳಿಸಿದ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ಆನ್ ಆಯ್ತು. ಇದೆ ಕಣೇ ಅಕ್ಕ, ಎಲ್ಲಾ ಇದೆ." ತಮ್ಮ ನಕ್ಕ. "ತಾಳು, ಒಂದು ಹಾಕ್ತೀನಿ."

ಅಮ್ಮನ ಕೆಮ್ಮು ಕೇಳಿಸಿತು. "ಇದು ಆನ್ ಆಗಿದ್ಯೋ ಇಲ್ವೋ, ನಂಗೊಂದೂ ಗೊತ್ತಾಗಲ್ಲ. ನೋಡ್ರಪ್ಪಾ, ನಾನು ಹೇಳೋದು ಇಷ್ಟೇ..."

ವೈಫೈ ಸಿಕ್ಕರೆ ಇದರಲ್ಲೂ ಎಲ್ಲ ಅಳಿಯುತ್ತದೆಂದು ಅಕ್ಕನಿಗೆ ಆಗ ಹೊಳೆಯಿತು. ಆನ್ ಮಾಡುವ ಮೊದಲೇ ಹೇಳಬೇಕಿದ್ದ ಮಾತು ಈಗ ಬಾಯಿಗೆ ಬಂತು. "ವೈಫೈ ತೆಗಿ. ಲೋ, ಮೊದಲು ವೈಫೈ ತೆಗಿಯೋ. ಆ ಡಬ್ಬಿ ವೈರು ಕಿತ್ತು ಹಾಕು, ಬೇಗ," ಎಂದು ಒಂದೇ ಸಮನೆ ಕೂಗಿದಳು. ತಮ್ಮ ಫೋನನ್ನು ಅಲ್ಲೇ ಬಿಟ್ಟು ಹೊರಗಿನ ಕೋಣೆಗೆ ಓಡಿದ. ಅವಳು ಕೂಗುತ್ತಲೇ ಇದ್ದಳು.

ಅವನು ಮರಳುವಷ್ಟರಲ್ಲಿ ಲ್ಯಾಪ್‌ಟಾಪ್ ಸುಮ್ಮನಾಗಿತ್ತು. "ಫೋಲ್ಡರ್ ಖಾಲಿ ಅಂತಿದೆ," ಎಂದ.

"ತಪ್ಪೆಲ್ಲ ನಂದೇ ಕಣೋ."

"ಬೇಕೂಂತ ಮಾಡಿದ್ಯಾ ನೀನು? ಬಿಡು."

ನಾಲ್ಕು ಮಾತು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಬದಲಿಗೆ ಕೇಳಿದ: "ನಾನು ಆ ಕಡೆ ಓಡಿದ್ನಲ್ಲ, ಕೇಳಿಸ್ಲಿಲ್ಲ. ಅಮ್ಮ ಕೊನೆಗೆ ಏನಂದ್ಳು?"

ಅಷ್ಟು ಹೊತ್ತೂ ಅವಳ ಕಿವಿಗೆ ಬಿದ್ದದ್ದು ಅವಳದೇ ಕೂಗು. "ತಾಳು, ಹೇಳ್ತೀನಿ," ಎಂದಳು.

ತಮ್ಮ ಆ ತುದಿಯಲ್ಲಿ ಕುರ್ಚಿ ಎಳೆದುಕೊಂಡು ಕುಳಿತ ಸದ್ದಾಯಿತು.