ಎರಡನೆಯ ಚರಣದ ‘ಆಹ್’

ಬೆಣ್ಣೆಗಂಟಲ ಎಂದೇ ಹೆಸರಾದ ಗಾಯಕ ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿದ ಆ ಹಾಡು ಎಷ್ಟು ಮೆತ್ತಗಿತ್ತೆಂದರೆ, ಕೇಳಿದ ಕಚ್ಚುನಾಯಿಗಳು ಕಳ್ಳರ ಮಡಿಲಲ್ಲಿ ನಿದ್ದೆಹೋದವು. ಹಲ್ಲಿನ ಡಾಕ್ಟರುಗಳು ಮರಗಟ್ಟಿಸುವ ಸೂಜಿಯನ್ನೇ ಕಸಕ್ಕೆಸೆದರು. ಲಿಫ್ಟಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ಹೆರಿಗೆ ವಾರ್ಡಿನಲ್ಲಿ, ಎಲ್ಲೆಲ್ಲೂ ಅದೇ. ಜನ ಜೀವ ಬಿಗಿಹಿಡಿದು ಕಾಯುತ್ತಿದ್ದುದು ಮಾತ್ರ ಎರಡನೆಯ ಚರಣದ ಕೊನೆಗೆ ಬರುವ ಹೆಣ್ಣುದನಿಯ ಒಂದು ‘ಆಹ್’ಗೆ.

ಆ ದನಿ ಅವನ ಹೆಂಡತಿಯದು. ಅವಳು ಗಾಯಕಿಯಲ್ಲ, ಬೇಕರಿಯಲ್ಲಿ ಗುಡ್ಡದಷ್ಟು ಹಿಟ್ಟು ನಾದುವವಳು. ಅವನು ಮನೆಯಲ್ಲಿ ಟೇಪು ಓಡಿಸಿಕೊಂಡು ಹಾಡು ಕಟ್ಟುತ್ತಿದ್ದಾಗ ಇವಳ ಕೈಯಿಂದ ಪಾತ್ರೆಯೊಂದು ಜಾರಿ ಸದ್ದಾಯಿತು. ಎದ್ದು ಬಂದವನೇ ಅವಳ ಮುಖವನ್ನು ಕಪಾಟಿಗೆ ಅಪ್ಪಳಿಸಿದ. ಮುಂದಿನ ಹಲ್ಲು ಉದುರಿತು. ಟೇಪು ಓಡುತ್ತಲೇ ಇತ್ತು. ಸ್ಟುಡಿಯೋದವನಿಗೇನು ಗೊತ್ತು? “ಎಂಥಾ ಭಾವ!” ಎಂದು ಟೇಪಿನಲ್ಲಿ ಸಿಕ್ಕ ಅವಳ ‘ಆಹ್’ ಅನ್ನು ಕತ್ತರಿಸಿ ಹಾಡಿಗೆ ಅಂಟಿಸಿದ. ಅಂದಿನಿಂದ ಬ್ರೆಡ್ಡು ಕೊಳ್ಳಲು ಬಂದವರೆಲ್ಲ ಅವಳ ನೋವನ್ನೇ ಗುನುಗುತ್ತಿದ್ದರು. ಅವಳು ಹಿಟ್ಟಿಗೆ ಗುದ್ದುತ್ತಿದ್ದಳು.

ದೊಡ್ಡ ಸಭಾಂಗಣದಲ್ಲಿ ಹಾಡುವ ದಿನ ಬಂತು. ಬಾಡಿಗೆಗೆ ತಂದ ಗಾಯಕಿಯರು ‘ಆಹ್’ ಅಂದೂ ಅಂದೂ ಗಂಟಲು ಹರಿದುಕೊಂಡರು, ಒಬ್ಬಳದೂ ಹೊಂದಲಿಲ್ಲ. ಗಂಡ ಬೇಕರಿಗೆ ಓಡಿ, ಇವಳನ್ನು ಹಿಟ್ಟು ಮೆತ್ತಿದ ಕೈಯ ಸಮೇತ ಎಳೆತಂದ. ಪರದೆಯ ಆಚೆ ಅರ್ಧ ಪ್ರಪಂಚ ಕುಳಿತಿತ್ತು. ಇನ್ನರ್ಧ ಜಾಗ ಸಿಗದೆ ನಿಂತಿತ್ತು.

“ಒಂದೇ ಒಂದ್ಸಲ ಕಣೇ. ರಾಣಿ ಥರ ನೋಡ್ಕೋತೀನಿ.”

“ಬರಲ್ಲ ಅಂದ್ನಲ್ಲ.”

ಸ್ಟುಡಿಯೋದವನು ಮೈಕು ಹಚ್ಚಿ ಕೈಮುಗಿದ. “ಅಕ್ಕಾ, ಅವತ್ತು ಅಂದ ಹಾಗೇ ಅಂದ್ಬಿಡಿ, ಸಾಕು.”

“ಅವತ್ತು ಹೇಗೆ ಬಂತು ಅಂತ ಇವರನ್ನೇ ಕೇಳಪ್ಪ.”

“ಬರ್ಸೋದು ನಂಗೊತ್ತು ಬಿಡು” ಎಂದು ಗಂಡ ನಗುತ್ತಲೇ ಅವಳ ಮುಡಿಗೆ ಕೈಹಾಕಿ ಕಂಬದ ಕಡೆ ಎಳೆದ.

ಇನ್ನೊಂದು ಹಲ್ಲು ಕೊಡಲು ಅವಳು ತಯಾರಿರಲಿಲ್ಲ. ಮೈಕಿನ ಕಬ್ಬಿಣದ ಕೋಲನ್ನು ಬುಡಸಮೇತ ಎತ್ತಿ ಬೀಸಿದಳು. ಮೊದಲ ಏಟಿಗೆ ಮಂಡಿ ಚಿಪ್ಪು ಚೂರಾಯಿತು. ಎರಡನೆಯದಕ್ಕೆ ದವಡೆ ಪಕ್ಕದೂರಿಗೆ ಹೋಗಿ ಬಂತು. ಅವನ ಬಾಯಿಂದ ಹೊರಟ ದನಿ ಧ್ವನಿವರ್ಧಕದಲ್ಲಿ ಹರಿದು ಸಭೆಯನ್ನೆಲ್ಲ ತುಂಬಿತು.

“ಒನ್ಸ್ ಮೋರ್!” ಎಂದು ಜನ ಕೂಗಿದರು.

ಅವಳು ಒನ್ಸ್ ಮೋರ್ ಕೊಟ್ಟಳು. ಪಕ್ಕೆಲುಬು ಲಟಲಟ ಎಂದಿತು.

ಆಮೇಲೆ ಪರದೆ ಸರಿಸಿದಳು. ನೆಲದ ಮೇಲೆ ರಕ್ತದ ಮಡುವಿನಲ್ಲಿ ಹೊರಳುತ್ತಿದ್ದವನನ್ನು ಕಂಡು ಕುಳಿತಿದ್ದವರೂ ಎದ್ದು ನಿಂತರು. ಅವಳು ತುಟಿ ಮೇಲೆತ್ತಿ ಖಾಲಿ ಜಾಗ ತೋರಿಸಿದಳು.

“ನೀವು ಗುನುಗ್ತಿದ್ರಲ್ಲ, ಇವನು ಈ ಹಲ್ಲು ಉದುರಿಸಿದಾಗ ಬಂದ ದನಿ ಅದು.”

ಮೊದಲ ಚಪ್ಪಲಿ ಎಸೆದದ್ದು ಮುಂದಿನ ಸಾಲಿನ ಅಜ್ಜಿ. ಹಿಂದೆಯೇ ಕುರ್ಚಿಗಳು ಹಾರಿದವು. ಕೆಲವರು ಅವನನ್ನು ತುಳಿಯಲು ವೇದಿಕೆ ಹತ್ತಿದರು. ಕೆಲವರು “ನಮ್ಮ ಹಾಡು ಹಾಳು ಮಾಡಿದ್ಲು” ಎಂದು ಅವಳನ್ನೇ ಹುಡುಕಿದರು.

ಅವಳಾಗಲೇ ಗೇಟಿನಲ್ಲಿದ್ದಳು. ಕಾವಲುಗಾರ ಅವಳ ತೋಳು ನೋಡಿ ಬೆಚ್ಚಿದ.

“ರಕ್ತ ಸುರೀತಿದೆಯಲ್ಲಮ್ಮ!”

“ನಂದಲ್ಲಣ್ಣ. ಊರಾಚೆ ಹೋಗೋ ಬಸ್ಸು ಎಲ್ಲಿ ನಿಲ್ಲತ್ತೆ?”