ಬೊಟ್ಟು ಇಡದ ಸ್ಕ್ರೂ

ಬಸ್ ಡಿಪೋದಲ್ಲಿ ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಮ್ಯಾನೇಜರ್ ಕೂಡ. ಆದರೆ ಒಡಹುಟ್ಟಿದ ಹಕ್ಕಿನಿಂದ ಹಾಗೆ ಕರೆಯುತ್ತಿದ್ದವನು ಒಬ್ಬನೇ, ಅವಳ ತಮ್ಮ, ಏಳನೇ ನಂಬರ್ ಗ್ಯಾಸ್ ಬಸ್ಸಿನ ಡ್ರೈವರ್. ಅವನು ಸಸ್ಪೆಂಡ್ ಆಗಿ ಮೂರು ದಿನವಾಗಿತ್ತು.

ಅಕ್ಕನ ಕೆಲಸ ರೆಗ್ಯುಲೇಟರ್ ನೋಡಿಕೊಳ್ಳುವುದು. ಸಿಲಿಂಡರಿನಲ್ಲಿ ಗ್ಯಾಸು ಇನ್ನೂರು ಬಾರ್ ಒತ್ತಡದಲ್ಲಿ ಕೂತಿರುತ್ತದೆ, ಅದನ್ನು ಹಾಗೇ ಇಂಜಿನ್ನಿಗೆ ಬಿಟ್ಟರೆ ಕಥೆ ಮುಗಿಯಿತು. ಎಂಟಕ್ಕೆ ಇಳಿಸಿ, ಹದವಾಗಿ ಕೊಡುವುದು ರೆಗ್ಯುಲೇಟರ್. ಒಳಗೊಂದು ರಬ್ಬರ್ ಡಯಾಫ್ರಮ್, ಅದನ್ನು ಒತ್ತುವ ಸ್ಪ್ರಿಂಗ್, ಮೇಲೊಂದು ಸ್ಕ್ರೂ. ಸ್ಕ್ರೂ ಬಿಗಿದರೆ ಒತ್ತಡ ಏರುತ್ತದೆ, ಆದರೆ ರಬ್ಬರ್ ತಾಳದೆ ಸೀಳಿದರೆ ಇಂಜಿನ್ ನಿಂತೇಬಿಡುತ್ತದೆ. ಬಸ್ಸು ಎಳೆಯುತ್ತಿಲ್ಲ ಅನ್ನಿಸಿದಾಗ ಡ್ರೈವರುಗಳು ಕದ್ದುಮುಚ್ಚಿ ತಿರುಗಿಸುವುದೂ ಅದನ್ನೇ. ಅದಕ್ಕೇ ಡಿಪೋದಲ್ಲಿ ಒಂದು ಪದ್ಧತಿ: ಸ್ಕ್ರೂ ಹೊಂದಿಸಿದ ಮೆಕ್ಯಾನಿಕ್ ಅದರ ಮೇಲೆ ತನ್ನ ಬಣ್ಣದ ಬೊಟ್ಟು ಇಡಬೇಕು. ಅಕ್ಕನದು ಹಳದಿ. ಬೊಟ್ಟು ಬಿರಿದಿದ್ದರೆ ಡ್ರೈವರ್ ಕೈ ಹಾಕಿದ್ದಾನೆ ಎಂದೇ ಲೆಕ್ಕ.

ಏಳನೇ ನಂಬರಿನ ಬೊಟ್ಟು ಬಿರಿದಿತ್ತು. ಬಸ್ಸು ದಿಬ್ಬದ ನಡುವೆ ಆಫ್ ಆಗಿ, ಹಿಂದಕ್ಕೆ ಜಾರಿ, ನಿಂತಿದ್ದ ಕಾರಿನ ಮೂತಿ ಜಜ್ಜಿತ್ತು. ಒಳಗಿದ್ದ ಮುದುಕಿಯೊಬ್ಬಳ ಮಣಿಕಟ್ಟು ಮುರಿದಿತ್ತು. ಮ್ಯಾನೇಜರ್ ಮುಚ್ಚಳ ತೆಗೆಸಿ ಸ್ಕ್ರೂ ನೋಡಿದ, ಅಷ್ಟೇ ಸಾಕಾಯಿತು. ಎರಡು ವರ್ಷದ ಹಿಂದೆ ತಮ್ಮ ಇದೇ ಕೆಲಸ ಮಾಡಿ ಸಿಕ್ಕಿಬಿದ್ದವನು ಬೇರೆ. ಈ ಸಲ ಮುಟ್ಟಿಲ್ಲ ಎಂದು ಎಷ್ಟು ಬಾಯಿ ಬಡಿದುಕೊಂಡರೂ ಕೇಳುವವರು ಯಾರು? ಇವತ್ತಿನ ವಿಚಾರಣೆ ಮುಗಿದರೆ ಅವನ ಕೆಲಸ ಹೋದಂತೆಯೇ.

ಮುಟ್ಟಿದವಳು ಅಕ್ಕ.

ತಿಂಗಳ ಹಿಂದೆ ತಮ್ಮನೇ ಬಸ್ಸು ಎಳೆಯುತ್ತಿಲ್ಲ ಎಂದು ದೂರು ಬರೆಸಿದ್ದ. ಗೇಜ್ ಹಾಕಿದರೆ ಎಂಟಿರಬೇಕಾದಲ್ಲಿ ಆರೂವರೆ. ರೆಗ್ಯುಲೇಟರ್ ಬಿಚ್ಚಿ ಡಯಾಫ್ರಮ್ ಬದಲಾಯಿಸಬೇಕು, ಎರಡು ಗಂಟೆಯ ಕೆಲಸ. ಬೆಳಗಿನಿಂದ ಆಗಲೇ ನಾಲ್ಕು ಬಸ್ಸು ಮುಗಿಸಿದ್ದಳು. ಮೊದಲು ಇಬ್ಬರು ಮಾಡುತ್ತಿದ್ದ ಕೆಲಸಕ್ಕೆ ಈಗ ಅವಳೊಬ್ಬಳೇ, ಬೆನ್ನು ಬಿದ್ದುಹೋಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತಲ್ಲ, ಹಾಗೆ ಡಯಾಫ್ರಮ್ಮಿನ ರೋಗಕ್ಕೆ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದಳು. ಹಳೇ ಬೊಟ್ಟು ಬಿರಿಯಿತು. ಮುಳ್ಳು ಎಂಟಕ್ಕೆ ಬಂದು ನಿಂತಿತು. ರಿಜಿಸ್ಟರಿನಲ್ಲಿ ‘ಡಯಾಫ್ರಮ್ ಬದಲಾಯಿಸಿದೆ’ ಎಂದು ಬರೆದಳು. ಬಣ್ಣದ ಡಬ್ಬಿ ಶೆಡ್ಡಿನ ಆಚೆ ತುದಿಯಲ್ಲಿತ್ತು. ನಾಳೆ ಇಟ್ಟರಾಯಿತು ಅಂದುಕೊಂಡಳು, ಆ ನಾಳೆ ಬರಲೇ ಇಲ್ಲ ನೋಡಿ.

ಹೇಳಿಬಿಡೋಣ ಎಂದು ಮೂರು ದಿನವೂ ಮ್ಯಾನೇಜರ್ ಬಾಗಿಲ ತನಕ ಹೋಗಿದ್ದಳು. ಒಂದು ದಿನ ಒಳಗೆ ಯಾರೋ ಇದ್ದರು, ಇನ್ನೊಂದು ದಿನ ಅವನು ಊಟಕ್ಕೆ ಹೋಗಿದ್ದ. ನೆಪ ಹುಡುಕುವವರಿಗೆ ನೆಪಕ್ಕೇನು ಬರ? ನಿವೃತ್ತಿಗೆ ಎಂಟೇ ತಿಂಗಳು, ಮೂವತ್ತು ವರ್ಷದಿಂದ ಉಳಿಸಿಕೊಂಡ ಹೆಸರು. ಅವಳಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಗಿಂತ ಹೆಚ್ಚು ಸಾಕಾಗಿಹೋಗಿತ್ತು.

ವಿಚಾರಣೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ ತಮ್ಮ. ಮ್ಯಾನೇಜರ್ ವಜಾ ಆದೇಶದ ಸಹಿಗೆ ಪೆನ್ನು ತೆಗೆದಾಗ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

“ಸ್ಕ್ರೂ ತಿರುಗಿಸಿದ್ದು ನಾನು ಸಾರ್.”

ಮ್ಯಾನೇಜರ್ ನಕ್ಕುಬಿಟ್ಟ. ಒಡಹುಟ್ಟಿದ ಕರುಳು, ಅರ್ಥವಾಗುತ್ತದೆ ಎಂದ. ಆದರೆ ಬೊಟ್ಟಿಡದೆ ಒಂದು ಸ್ಕ್ರೂ ಬಿಟ್ಟವಳಲ್ಲ ಅಕ್ಕ, ಇದನ್ನು ಹೊರಗೆ ಹೇಳಿದರೆ ಜನ ನಗುತ್ತಾರೆ ಎಂದ. ತಮ್ಮನ ಕಣ್ಣು ತುಂಬಿಬಂತು. ಅವನೂ ನಂಬಿರಲಿಲ್ಲ.

“ಬೇಡ ಅಕ್ಕ. ನನಗೋಸ್ಕರ ಸುಳ್ಳು ಹೇಳ್ಬೇಡ.”

ಗ್ರಹಚಾರ ಅಂದರೆ ಇದು. ಸುಳ್ಳು ಬರೆದಾಗ ಕಣ್ಣು ಮುಚ್ಚಿ ನಂಬಿದವರು ನಿಜ ಹೇಳಿದರೆ ನಂಬುತ್ತಿಲ್ಲ. ಅವಳು ಇಬ್ಬರನ್ನೂ ಶೆಡ್ಡಿಗೆ ಕರೆದುಕೊಂಡು ಹೋದಳು. ಸಿಲಿಂಡರಿನ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸು ಬಿಟ್ಟು, ಒಂದೊಂದೇ ಬೋಲ್ಟ್ ಬಿಚ್ಚಿದಳು. ಒಳಗಿದ್ದದ್ದು ಹಳೇ ಡಯಾಫ್ರಮ್ಮೇ, ಸವೆದ ಚಪ್ಪಲಿಯ ಅಟ್ಟೆಯ ಹಾಗೆ ಗಡುಸಾಗಿ ಅಂಚಿನಲ್ಲಿ ಸೀಳಿಹೋಗಿತ್ತು. ಅದರ ಪಕ್ಕದಲ್ಲಿ ರಿಜಿಸ್ಟರ್ ಬಿಡಿಸಿಟ್ಟು, ತನ್ನ ಕೈಬರಹದ ಮೇಲೆ ಬೆರಳಿಟ್ಟಳು. ಮ್ಯಾನೇಜರ್ ಎರಡನ್ನೂ ನೋಡಿದ. ಆದೇಶದ ಹಾಳೆಯನ್ನು ಹರಿದು, ನಾಳೆ ಬೆಳಿಗ್ಗೆ ತನ್ನನ್ನು ಬಂದು ಕಾಣುವಂತೆ ಅವಳಿಗೆ ಹೇಳಿ ಹೋದ.

ಡಯಾಫ್ರಮ್ಮನ್ನು ತಮ್ಮ ಎತ್ತಿಕೊಂಡು ಸೀಳಿನೊಳಗೆ ಬೆರಳು ತೂರಿಸಿ ನೋಡಿದ.

“ನೀನೂ ನನ್ನ ನಂಬಿಲ್ಲ ಅಂದ್ಕೊಂಡಿದ್ದೆ,” ಎಂದ. “ಹಳೇ ಕಳ್ಳ, ಯಾರ್ ನಂಬ್ತಾರೆ ಅಂತ ಸುಮ್ನಾಗಿದ್ದೆ.”

“ನಂಬೋದೇನು ಬಂತು,” ಎಂದಳು ಅಕ್ಕ. “ನಂಗೆ ಗೊತ್ತಿತ್ತು.”

“ಮೂರು ದಿನದಿಂದ ಅಮ್ಮ ನನ್ನ ಮುಖ ನೋಡಿಲ್ಲ. ಬೈತಾ ಇದ್ರೆ ನೀನು ಪಕ್ಕದಲ್ಲೇ ಕೂತಿದ್ದೆ.”

ಅವನು ಡಯಾಫ್ರಮ್ಮನ್ನು ಅವಳ ಕೈಗೆ ಕೊಟ್ಟ.

“ಅಮ್ಮಂಗೆ ನಾನು ಹೇಳಲ್ಲ. ನೀನೇ ಹೇಳು,” ಎಂದು, ಡ್ಯೂಟಿ ಕೇಳಲು ಆಫೀಸಿನ ಕಡೆ ನಡೆದ.